ಮಾಟಗಾತಿಯ ಬಾಣದಿಂದ ರುಬೆಲ್ಲಾದವರೆಗೆ: ಜರ್ಮನ್ ಆಡುಮಾತಿನ ರೋಗಗಳು ಇಂಗ್ಲಿಷಿಗೆ ಬಂದ ಬಗೆ

ರೋಗಗಳ ಹೆಸರು ಪ್ರತಿಯೊಂದು ಭಾಷೆಯಲ್ಲಿಯೂ ಎರಡು ಮನೆಗಳಲ್ಲಿ ಹುಟ್ಟುತ್ತದೆ. ಒಂದು ವೈದ್ಯಶಾಸ್ತ್ರದ ಮನೆ, ಇನ್ನೊಂದು ನರಳುವವರ ಮನೆ. ಶಾಸ್ತ್ರದ ಹೆಸರು ಗ್ರಂಥಗಳ ಮೂಲಕ ದೇಶದಿಂದ ದೇಶಕ್ಕೆ ಸುಲಭವಾಗಿ ಸಾಗುತ್ತದೆ. ನರಳುವವರು ಇಟ್ಟ ಹೆಸರು ಹೊಲ, ಹಿತ್ತಿಲು, ಅಡುಗೆಮನೆಗಳಲ್ಲಿ ಬೆಳೆದದ್ದು. ಅದನ್ನು ಇನ್ನೊಂದು ಭಾಷೆಗೆ ತರಹೊರಟವರ ಜೊತೆ ನಿಘಂಟು ಅರ್ಧ ದಾರಿಯವರೆಗಷ್ಟೇ ಬರುತ್ತದೆ. ಜರ್ಮನ್ ಆಡುಮಾತಿನ ರೋಗನಾಮಗಳು ಇಂಗ್ಲಿಷಿಗೆ ಬಂದ ಮತ್ತು ಕೆಲವೊಮ್ಮೆ ಬರಲಾರದೆ ಉಳಿದ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ನಗುವಿಗೆ ಎಡೆಯುಂಟು. ಹಸುಗೂಸುಗಳ ಕಣ್ಣು ಹೋದ ದುಃಖದ ಅಧ್ಯಾಯವೂ ಉಂಟು. ಆ ಅಧ್ಯಾಯದ ಒಂದು ಪುಟ ಭಾರತಕ್ಕೆ ಸೇರಿದ್ದು.

ಜರ್ಮನ್ ಭಾಷೆಯ ಒಂದು ವಿಶೇಷವನ್ನು ಮೊದಲು ಗಮನಿಸಬೇಕು. ಹದಿನಾರನೆಯ ಶತಮಾನದ ಯುರೋಪಿನಲ್ಲಿ ವೈದ್ಯವಿದ್ಯೆಯ ಭಾಷೆ ಲ್ಯಾಟಿನ್. 1527ರಲ್ಲಿ ಬಾಸೆಲ್ ನಗರದ ವಿಶ್ವವಿದ್ಯಾಲಯದಲ್ಲಿ ಪಾರಾಸೆಲ್ಸಸ್ ಎಂಬ ವೈದ್ಯ ಆ ಕಟ್ಟನ್ನು ಮುರಿದು ಜರ್ಮನ್ ಭಾಷೆಯಲ್ಲಿ ಉಪನ್ಯಾಸ ಕೊಟ್ಟನು. ಪಂಡಿತರು ಕೆರಳಿದರು, ಮರುವರ್ಷವೇ ಅವನು ಊರು ಬಿಡಬೇಕಾಯಿತು. ಆದರೂ ಜರ್ಮನ್ ಭಾಷೆ ಮುಂದೆ ತನ್ನ ನೆಲದ ಪದಗಳಿಂದಲೇ ಬೇನೆಬೇಸರಿಕೆಗಳನ್ನು ಹೇಳುವ ಶಕ್ತಿಯನ್ನು ಉಳಿಸಿಕೊಂಡಿತು. ನ್ಯುಮೋನಿಯಾಕ್ಕೆ ಅಲ್ಲಿ 'ಲುಂಗೆನ್‌ಎಂಟ್‌ತ್ಸ್ಯುಂಡುಂಗ್' ಎನ್ನುತ್ತಾರೆ, ಎಂದರೆ ಶ್ವಾಸಕೋಶದ ಉರಿಯೂತ. ಪ್ಯಾಂಕ್ರಿಯಾಸಿಗೆ 'ಬೌಖ್‌ಶ್ಪೈಖೆಲ್‌ಡ್ರ್ಯೂಸೆ', ಎಂದರೆ ಹೊಟ್ಟೆಯ ಜೊಲ್ಲಿನ ಗ್ರಂಥಿ. ಅಪೆಂಡಿಸೈಟಿಸಿಗೆ ಕುರುಡುಕರುಳಿನ ಉರಿಯೂತ. ಇವನ್ನು ರೈತನೂ ಹೇಳುತ್ತಾನೆ, ವೈದ್ಯನೂ ಹೇಳುತ್ತಾನೆ.

ಇಂಗ್ಲಿಷಿನ ದಾರಿ ಬೇರೆ. ಅಲ್ಲಿ ಸಾಮಾನ್ಯ ಜನರೂ ಗ್ರೀಕ್ ಮತ್ತು ಲ್ಯಾಟಿನ್ ಮೂಲದ ಹೆಸರುಗಳನ್ನೇ ದಿನಬಳಕೆಗೆ ತೆಗೆದುಕೊಂಡರು. ಆದ್ದರಿಂದ ಜರ್ಮನ್ ಅಜ್ಜಿಯೊಬ್ಬಳು ತನಗೆ ಶ್ವಾಸಕೋಶದ ಉರಿಯೂತವಾಗಿತ್ತು ಎಂದಾಗ ಅನುವಾದಕ ಅದನ್ನು ಬಿಡಿಬಿಡಿಯಾಗಿ ಇಂಗ್ಲಿಷಿಗೆ ಇಳಿಸಿದರೆ ಕೇಳುವವರಿಗೆ ಅದು ವಿಚಿತ್ರ ಕಾಯಿಲೆಯಂತೆ ತೋರುತ್ತದೆ. 'ನ್ಯುಮೋನಿಯಾ' ಎಂದರೆ ಮುಗಿಯಿತು. ಇಲ್ಲಿ ಸರಳ ಪದಕ್ಕೆ ಪಾಂಡಿತ್ಯದ ಪದವೇ ಸಹಜವಾದ ಅನುವಾದ. ಪದದ ಮೈಕಟ್ಟನ್ನು ಬಿಟ್ಟು, ಅದು ತನ್ನ ಜನರ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಎಂಬುದನ್ನು ಅನುವಾದಕ ಹುಡುಕಬೇಕು. ಇದು ಮೊದಲನೆಯ ಪಾಠ.

ಎರಡನೆಯ ಪಾಠವನ್ನು ಕಲಿಸುವುದು ಚಿತ್ರವತ್ತಾದ ಹೆಸರುಗಳು. ಬಗ್ಗಿ ಏನನ್ನೋ ಎತ್ತಹೋದಾಗ ಸೊಂಟ ಥಟ್ಟನೆ ಹಿಡಿದುಕೊಂಡು ಏಳಲಾಗದಂತಾಗುವುದಕ್ಕೆ ಜರ್ಮನರು 'ಹೆಕ್ಸೆನ್‌ಶುಸ್' ಎನ್ನುತ್ತಾರೆ, ಎಂದರೆ ಮಾಟಗಾತಿ ಹೊಡೆದ ಬಾಣ. ಕಣ್ಣಿಗೆ ಕಾಣದವರು ಬಾಣ ಬಿಟ್ಟು ನೋವು ತರುತ್ತಾರೆ ಎಂಬ ನಂಬಿಕೆ ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿಯೂ ಇತ್ತು. 'ಲಾಕ್‌ನುಂಗಾ' ಎಂದು ಕರೆಯಲಾಗುವ ಪ್ರಾಚೀನ ಇಂಗ್ಲಿಷ್ ವೈದ್ಯಸಂಗ್ರಹದಲ್ಲಿ ಹಠಾತ್ತನೆ ಬರುವ ಚುಚ್ಚುನೋವಿಗೆ ಒಂದು ಮಂತ್ರವಿದೆ. ಅದು ಮಾಟಗಾತಿಯ ಬಾಣವನ್ನು ಹೆಸರಿಸಿಯೇ ಹೊರಗೆ ಕರೆಯುತ್ತದೆ. ಅಲ್ಲಿ ಬಳಕೆಯಾದ ಹಳೆಯ ಇಂಗ್ಲಿಷ್ ಪದವೂ ಜರ್ಮನಿನ 'ಹೆಕ್ಸೆ'ಯೂ ಒಂದೇ ಬುಡದ ಚಿಗುರುಗಳು. ಜರ್ಮನ್ ಆ ಚಿತ್ರವನ್ನು ಇಂದಿಗೂ ಬಾಯಲ್ಲಿಟ್ಟುಕೊಂಡಿದೆ, ಇಂಗ್ಲಿಷ್ ಮರೆತಿದೆ. ಹೀಗಾಗಿ ಇಂದಿನ ಅನುವಾದಕ ಮಾಟಗಾತಿಯನ್ನು ಗಡಿಯಲ್ಲೇ ಬಿಟ್ಟು, ಇಂಗ್ಲಿಷಿನವರು ಬೆನ್ನು ಕೈಕೊಟ್ಟಾಗ ಹೇಳುವ ಮನೆಮಾತನ್ನೇ ತರಬೇಕು. ನಾವಾದರೂ ಸೊಂಟ ಹಿಡಿಯಿತು ಎನ್ನುತ್ತೇವೆ. ಹಿಡಿದದ್ದು ಯಾರು ಎಂದು ನಮ್ಮಲ್ಲಿಯೂ ಯಾರೂ ಕೇಳುವುದಿಲ್ಲ.

ಕೆಲವೊಮ್ಮೆ ಭಾಷೆಗಳು ಒಂದೇ ನೋವನ್ನು ಒಂದೇ ಕಣ್ಣಿನಿಂದ ನೋಡಿರುತ್ತವೆ. ಮೈಯ ಒಂದು ಪಕ್ಕದಲ್ಲಿ ಪಟ್ಟಿಯಂತೆ ಎದ್ದು ಉರಿಯುವ ಬೊಕ್ಕೆಗಳಿಗೆ ಜರ್ಮನರು 'ಗ್ಯುರ್ಟೆಲ್‌ರೋಸೆ' ಎಂದು ಹೆಸರಿಟ್ಟರು, ಎಂದರೆ ನಡುಪಟ್ಟಿಯ ಗುಲಾಬಿ. ಇಂಗ್ಲಿಷಿನ 'ಶಿಂಗಲ್ಸ್' ಹುಟ್ಟಿದ್ದು ನಡುಪಟ್ಟಿ ಎಂಬರ್ಥದ ಲ್ಯಾಟಿನ್ ಪದದಿಂದ. ವೈದ್ಯರ 'ಜೋಸ್ಟರ್' ಗ್ರೀಕಿನಲ್ಲಿ ಮತ್ತೆ ನಡುಪಟ್ಟಿಯೇ. ಕನ್ನಡ ಅಲ್ಲಿ ಹಾವನ್ನು ಕಂಡು 'ಸರ್ಪಸುತ್ತು' ಎಂದಿತು. ಕೆನ್ನೆಯ ಕೆಳಗೆ ಗ್ರಂಥಿ ಊದಿದ ಮಗುವಿನ ಮುಖವನ್ನು ಕಂಡು ನಾವು 'ಮಂಗನ ಬಾವು' ಎಂದರೆ, ಜರ್ಮನರು 'ತ್ಸೀಗೆನ್‌ಪೇಟರ್' ಎಂದು ಆಡನ್ನು ನೆನೆದರು. ಅಭ್ಯಾಸವಿಲ್ಲದ ದುಡಿಮೆಯ ಮರುದಿನದ ಮೈಕೈನೋವಿಗೆ ಅವರು 'ಮುಸ್ಕೆಲ್‌ಕಾಟರ್' ಎನ್ನುತ್ತಾರೆ. 'ಕಾಟರ್' ಎಂದರೆ ಗಂಡುಬೆಕ್ಕು. ಕುಡಿದ ಮರುದಿನದ ತಲೆಭಾರಕ್ಕೂ ಅದೇ ಹೆಸರು. ವಿದ್ಯಾರ್ಥಿಗಳ ತಮಾಷೆಯ ಬಾಯಲ್ಲಿ 'ಕ್ಯಾಟರ್' ಎಂಬ ಶೀತರೋಗದ ಹೆಸರೇ ಬೆಕ್ಕಾಗಿ ಮಾರ್ಪಟ್ಟಿತೆಂದು ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ವಿವರಿಸುತ್ತಾರೆ. ನಡೆಯುವಾಗ ರಕ್ತ ಸಾಲದೆ ಕಾಲು ನೋಯುವ ರೋಗಕ್ಕೆ 'ಅಂಗಡಿ ಕಿಟಕಿಯ ಕಾಯಿಲೆ' ಎಂಬ ಹೆಸರುಂಟು. ರೋಗಿ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಬೇಕು. ನೋಡಿದವರು ಏನೆಂದಾರು ಎಂದು ಅಂಗಡಿಯ ಗಾಜಿನೊಳಗಿನ ಸರಕು ನೋಡುವವನಂತೆ ನಿಲ್ಲುತ್ತಾನೆ. ನೋವಿನ ಜೊತೆಗೆ ಮರ್ಯಾದೆಯ ಚಿಂತೆಯೂ ಆ ಹೆಸರಿನೊಳಗಿದೆ. ಇಂಗ್ಲಿಷ್ ಶಾಸ್ತ್ರದ ಪದವಾದ 'ಕ್ಲಾಡಿಕೇಶನ್' ಕುಂಟುವುದನ್ನು ಮಾತ್ರ ಹೇಳುತ್ತದೆ.

ಇಂಥ ಪದಗಳನ್ನು ಕೂಡಿಡುವ ಕೆಲಸವನ್ನು ಬವೇರಿಯಾದ ಟ್ಯೋಲ್ಸ್ ಎಂಬ ಊರಿನ ವೈದ್ಯ ಮ್ಯಾಕ್ಸ್ ಹ್ಯೋಫ್ಲರ್ ಮಾಡಿದನು. 1899ರಲ್ಲಿ ಮ್ಯೂನಿಕ್ಕಿನಲ್ಲಿ ಪ್ರಕಟವಾದ ಅವನ ಜರ್ಮನ್ ರೋಗನಾಮಕೋಶ ಒಂದು ಬೃಹದ್‌ಗ್ರಂಥ. ಅದೇ ದಶಕದಲ್ಲಿ, 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಇನ್ನೊಬ್ಬ ಜರ್ಮನನ ಕೋಶ ಹೊರಬಂದಿತ್ತು. ಫರ್ಡಿನಾಂಡ್ ಕಿಟೆಲ್ಲರು ಸುಮಾರು 70,000 ಕನ್ನಡ ಪದಗಳಿಗೆ ತಮ್ಮ ತಾಯ್ನುಡಿಯಲ್ಲದ ಇಂಗ್ಲಿಷಿನಲ್ಲಿ ಅರ್ಥ ಬರೆದರು. ಕನ್ನಡಿಗರ ಆಡುಮಾತು ಜರ್ಮನ್ ಮನಸ್ಸಿನೊಂದರ ಮೂಲಕ ಹಾದು ಇಂಗ್ಲಿಷಾದ ಆ ಕೆಲಸ ನಮ್ಮೆದುರಿಗಿರುವುದರಿಂದ, ಈ ವಿಷಯ ನಮಗೆ ತೀರ ಹೊರಗಿನದೇನಲ್ಲ.

ಚಿತ್ರ ಕಳೆದುಹೋದರೆ ನಷ್ಟ ಸೊಗಸಿನದು. ತೂಕ ತಪ್ಪಿದರೆ ನಷ್ಟ ಜೀವದ್ದಾಗಬಹುದು. ಇದಕ್ಕೆ ಉದಾಹರಣೆ 'ಕ್ರೈಸ್‌ಲೌಫ್' ಎಂಬ ಪದ. ರಕ್ತ ದೇಹದಲ್ಲಿ ಸುತ್ತಿಬರುತ್ತದೆ ಎಂದು ಸಾರಿದ ಇಂಗ್ಲಿಷ್ ವೈದ್ಯ ವಿಲಿಯಂ ಹಾರ್ವೆಯ ಲ್ಯಾಟಿನ್ ಗ್ರಂಥ 1628ರಲ್ಲಿ ಅಚ್ಚಾದದ್ದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ. ಆ ಪರಿಚಲನೆಗೆ ಜರ್ಮನ್ ಭಾಷೆ ಬಳಸಿದ ಪದ ಕ್ರೈಸ್‌ಲೌಫ್, ಎಂದರೆ ವರ್ತುಲದ ಓಟ. ಕಾಲಕ್ರಮದಲ್ಲಿ ಶಾಸ್ತ್ರದ ಈ ಪದ ಮನೆಯೊಳಗೆ ನುಗ್ಗಿ ಬೇರೊಂದು ಬಾಳನ್ನು ಆರಂಭಿಸಿತು. ಸೆಕೆಯ ದಿನ ತಲೆ ಹಗುರಾಯಿತೇ, ಎದ್ದು ನಿಂತೊಡನೆ ಕಣ್ಣು ಕತ್ತಲಿಟ್ಟಿತೇ, ಜರ್ಮನರು ತಮಗೆ 'ಕ್ರೈಸ್‌ಲೌಫ್' ಇದೆ ಎನ್ನುತ್ತಾರೆ, ಅಥವಾ ತಮ್ಮ ಕ್ರೈಸ್‌ಲೌಫ್ ನೆಲಮಾಳಿಗೆಗೆ ಇಳಿದಿದೆ ಎನ್ನುತ್ತಾರೆ. ನಮಗೆ ಇದು ಹೊಸತೇನಲ್ಲ. ಎಲ್ಲರಿಗೂ ರಕ್ತದೊತ್ತಡ ಇದ್ದೇ ಇರುತ್ತದೆ. ಆದರೂ ನಾವು ಅವರಿಗೆ ಬಿಪಿ ಇದೆ ಎನ್ನುತ್ತೇವೆ. ಜರ್ಮನರು ತಮಗೆ 'ತ್ಸುಕರ್' ಇದೆ ಎಂದರೆ ನಮ್ಮ ಶುಗರ್ ಇದೆ ಎಂಬ ಮಾತೇ ಅದು. ಅಂಗದ ಹೆಸರೋ ಅಳತೆಯ ಹೆಸರೋ ಹೀಗೆ ರೋಗದ ಹೆಸರಾಗುವುದು ಎಲ್ಲ ಮನೆಮಾತುಗಳ ರೂಢಿ.

ಅಪಾಯ ಬರುವುದು ಅದನ್ನು ಇಂಗ್ಲಿಷಿಗೆ ತರುವಾಗ. ಇಂಗ್ಲಿಷಿನವರು ರಕ್ತಸಂಚಾರದ ತೊಂದರೆ ಎಂದರೆ ಬಹುಮಟ್ಟಿಗೆ ಕೈಕಾಲು ತಣ್ಣಗಾಗುವುದನ್ನು ನೆನೆಯುತ್ತಾರೆ. ತಲೆ ಸುತ್ತಿದವನ ಮಾತು ಕಾಲಿನ ಕಡೆಗೆ ಜಾರಿಬಿಡುತ್ತದೆ. ಇನ್ನೂ ಗಂಭೀರವಾದದ್ದು 'ಕ್ರೈಸ್‌ಲೌಫ್‌ಕೊಲಾಪ್ಸ್'. ಜನರ ಬಾಯಲ್ಲಿ ಅದು ಬಹುತೇಕ ಎಚ್ಚರ ತಪ್ಪಿ ಬಿದ್ದದ್ದು. ಸ್ವಲ್ಪ ಹೊತ್ತು ಕಾಲು ಮೇಲೆತ್ತಿ ಮಲಗಿಸಿದರೆ ಚೇತರಿಸಿಕೊಳ್ಳುವಂಥದು. ಅದನ್ನೇ ಪದಕ್ಕೆ ಪದವಿಟ್ಟು ರಕ್ತಪರಿಚಲನೆಯ ಕುಸಿತ ಎಂದು ಇಂಗ್ಲಿಷಿನಲ್ಲಿ ಬರೆದರೆ, ಓದುವ ವೈದ್ಯನಿಗೆ ಅದು ಪ್ರಾಣಾಂತಿಕವಾದ ಆಘಾತದ ಸ್ಥಿತಿ. ಜರ್ಮನ್ ವೈದ್ಯರ ಬರವಣಿಗೆಯಲ್ಲಿ ಅದೇ ಪದ ನಿಜಕ್ಕೂ ಆ ಗಂಭೀರ ಸ್ಥಿತಿಯನ್ನು ಸೂಚಿಸಬಹುದಾದ್ದರಿಂದ, ಮಾತು ಯಾರದು, ಎಲ್ಲಿ ಆಡಿದ್ದು ಎಂದು ತಿಳಿಯದೆ ಅನುವಾದಿಸುವಂತೆಯೇ ಇಲ್ಲ. ಅಮೆರಿಕದ ಪತ್ರಕರ್ತೆ ಲಿನ್ ಪೇಯರ್ 1988ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನಾಲ್ಕು ದೇಶಗಳ ವೈದ್ಯಪದ್ಧತಿಗಳನ್ನು ಹೋಲಿಸಿದರು. ಕಡಿಮೆ ರಕ್ತದೊತ್ತಡವನ್ನು ಪಶ್ಚಿಮ ಜರ್ಮನಿಯ ವೈದ್ಯರು ಔಷಧ ಕೊಡಬೇಕಾದ ಕಾಯಿಲೆಯೆಂದು ಕಂಡರೆ, ಇತರೆಡೆಯ ವೈದ್ಯರು ಅದನ್ನು ಬಹುಮಟ್ಟಿಗೆ ಕಾಯಿಲೆಯೆಂದೇ ಎಣಿಸುತ್ತಿರಲಿಲ್ಲ ಎಂದು ಅವರು ತೋರಿಸಿದರು. ಪದದ ಹಿಂದೆ ಇಡೀ ಒಂದು ವೈದ್ಯಸಂಸ್ಕೃತಿಯೇ ನಿಂತಿರುತ್ತದೆ.

ರೋಗಕ್ಕೆ ನೆರೆಯವರ ಹೆಸರಿಡುವ ಚಾಳಿಯೂ ಅನುವಾದಕನನ್ನು ಕಾಡುತ್ತದೆ. ಹದಿನೈದನೆಯ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಹಬ್ಬಿದ ಗುಹ್ಯರೋಗವನ್ನು ಜರ್ಮನರೂ ಇಂಗ್ಲಿಷರೂ ಫ್ರೆಂಚರ ರೋಗವೆಂದರು. ಫ್ರೆಂಚರು ನೇಪಲ್ಸಿನ ರೋಗವೆಂದರು. ಅದು ಸಮುದ್ರ ದಾಟಿ ನಮ್ಮಲ್ಲಿಗೆ ಬಂದಾಗ ಹದಿನಾರನೆಯ ಶತಮಾನದ ಭಾವಮಿಶ್ರ ತನ್ನ 'ಭಾವಪ್ರಕಾಶ'ದಲ್ಲಿ ಅದನ್ನು ಫಿರಂಗರೋಗ ಎಂದು ಕರೆದನು. ಮಕ್ಕಳ ಮೂಳೆ ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ರೋಗವನ್ನು ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷ್ ವೈದ್ಯರು ವಿಸ್ತಾರವಾಗಿ ವರ್ಣಿಸಿದರು. ಫ್ರಾನ್ಸಿಸ್ ಗ್ಲಿಸನ್ನನ ಪ್ರಸಿದ್ಧ ಗ್ರಂಥ 1650ರದು. ಜರ್ಮನರ ಬಾಯಲ್ಲಿ ಅದು 'ಎಂಗ್ಲಿಶೆ ಕ್ರಾಂಕ್‌ಹೈಟ್', ಇಂಗ್ಲಿಷರ ಕಾಯಿಲೆ, ಆಯಿತು. ಹಳೆಯ ಜರ್ಮನ್ ಕಾಗದದಲ್ಲಿ ತಾಯಿಯೊಬ್ಬಳು ತನ್ನ ಮಗುವಿಗೆ ಇಂಗ್ಲಿಷರ ಕಾಯಿಲೆ ಎಂದು ಬರೆದಿದ್ದರೆ ಇಂಗ್ಲಿಷಿನಲ್ಲಿ ಅದು ರಿಕೆಟ್ಸ್ ಆಗಬೇಕು. ಇಂಗ್ಲಿಷರೂ ಸುಮ್ಮನಿರಲಿಲ್ಲ, ಅವರ ಬಳಿ 'ಜರ್ಮನ್ ಮೀಸಲ್ಸ್', ಜರ್ಮನರ ದಡಾರ, ಇತ್ತು. ನಮ್ಮ ಕಥೆಯ ಮುಖ್ಯ ಭಾಗ ಇಲ್ಲಿಂದ ಆರಂಭ.

ಮೈಮೇಲೆ ತೆಳುಗೆಂಪು ಗುಳ್ಳೆ, ಅಲ್ಪ ಜ್ವರ, ಕಿವಿಯ ಹಿಂದೆ ಗಂಟು, ಮೂರು ದಿನಕ್ಕೆ ಗುಣ: ಇಂಥದೊಂದು ಕಾಯಿಲೆಯನ್ನು ಜರ್ಮನರು ಕೆಂಪು ಎಂಬರ್ಥದ ಪದದಿಂದ 'ರೋಟೆಲ್ನ್' ಎಂದು ಕರೆಯುತ್ತಿದ್ದರು. ಅದು ದಡಾರದ ಸೌಮ್ಯ ರೂಪವೋ, ಕೆಂಜ್ವರದ ಬಗೆಯೋ, ಬೇರೆಯದೇ ರೋಗವೋ ಎಂದು ವೈದ್ಯರು ಬಹುಕಾಲ ಚರ್ಚಿಸಿದರು. ಹದಿನೆಂಟನೆಯ ಶತಮಾನದಲ್ಲಿ ಅದನ್ನು ವರ್ಣಿಸಿದ ಫ್ರೆಡ್ರಿಕ್ ಹಾಫ್‌ಮನ್ ಮೊದಲಾದವರು ಜರ್ಮನರಾದ್ದರಿಂದ ಇಂಗ್ಲಿಷಿನಲ್ಲಿ ಜರ್ಮನ್ ಮೀಸಲ್ಸ್ ಎಂಬ ಹೆಸರು ನಿಂತಿತು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ವೈದ್ಯರ ಬರವಣಿಗೆಯಲ್ಲಿ ಜರ್ಮನ್ ಪದವೂ ಹಾಗೆಯೇ ಓಡಾಡುತ್ತಿತ್ತು. ಲ್ಯಾಟಿನ್ ನೆರವಿಗೆ ಬರುವ ಬದಲು ಗೊಂದಲವನ್ನೇ ಹೆಚ್ಚಿಸಿತು: 'ರೂಬಿಯೋಲಾ' ಎಂದರೆ ಇಂಗ್ಲಿಷ್ ವೈದ್ಯರಿಗೆ ದಡಾರ, ಜರ್ಮನ್ ವೈದ್ಯರಿಗೆ ರೋಟೆಲ್ನ್.

ಈ ತೊಡಕನ್ನು ಬಿಡಿಸಿದವನು ಭಾರತದಲ್ಲಿದ್ದ ಸೇನಾವೈದ್ಯ. ರಾಯಲ್ ಆರ್ಟಿಲರಿಯ ಹೆನ್ರಿ ವೀಲ್ ಇಲ್ಲಿ ಕಂಡ ಸಾಂಕ್ರಾಮಿಕವೊಂದನ್ನು ವಿವರಿಸುತ್ತ 1866ರಲ್ಲಿ ಎಡಿನ್‌ಬರೋದ ವೈದ್ಯಪತ್ರಿಕೆಯಲ್ಲಿ ಲೇಖನ ಬರೆದನು. ರೋಗದ ಹೆಸರು ಬರೆಯಲು ಚಿಕ್ಕದಾಗಿಯೂ ಉಚ್ಚರಿಸಲು ಹಿತವಾಗಿಯೂ ಇರಬೇಕು, ಜರ್ಮನ್ ಪದ ನಮ್ಮ ಕಿವಿಗೆ ಒರಟು, ಪರಕೀಯ ಎಂಬುದು ಅವನ ವಾದ. ಅದರ ಬದಲಿಗೆ ಅವನು ಸೂಚಿಸಿದ ಪದ 'ರುಬೆಲ್ಲಾ', ಲ್ಯಾಟಿನ್ನಿನಲ್ಲಿ ಸಣ್ಣ ಕೆಂಪು. ಅರ್ಥದ ದೃಷ್ಟಿಯಿಂದ ಇದು ಮೂಲಕ್ಕೆ ನಿಷ್ಠವಾದ ಅನುವಾದವೇ. 1881ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ವೈದ್ಯಸಮ್ಮೇಳನ ಆ ರೋಗವನ್ನು ಸ್ವತಂತ್ರ ರೋಗವೆಂದು ಒಪ್ಪಿತು. ಮೊದಲ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಶತ್ರುವಿನ ಹೆಸರು ಬೇಡವೆಂದು ಕೆಲವರು ಅದನ್ನು ಸ್ವಾತಂತ್ರ್ಯದ ದಡಾರ ಎಂದೂ ಕರೆದರು. ಯುದ್ಧ ಮುಗಿದೊಡನೆ ಆ ಹೆಸರೂ ಮುಗಿಯಿತು.

ಹೆಸರೇನೋ ಸಿಕ್ಕಿತು. ಆದರೆ ಜರ್ಮನಿನ ಸಣ್ಣ ಕೆಂಪು, ಲ್ಯಾಟಿನ್ನಿನ ಸಣ್ಣ ಕೆಂಪು, ಇಂಗ್ಲಿಷ್ ಆಡುಮಾತಿನ ಮೂರು ದಿನದ ದಡಾರ, ಈ ಮೂರೂ ಹೇಳುತ್ತಿದ್ದುದು ಒಂದೇ ಮಾತು: ಇದು ಹಗುರವಾದ ಕಾಯಿಲೆ. ಅನುವಾದ ಪದದ ಜೊತೆಗೆ ಆ ಹಗುರತನವನ್ನೂ ಹೊತ್ತುಕೊಂಡು ಬಂದಿತ್ತು. ಅದನ್ನು ಪ್ರಶ್ನಿಸುವ ಕಾರಣ ಯಾರಿಗೂ ಕಂಡಿರಲಿಲ್ಲ. ಹೀಗೆ ಮುಕ್ಕಾಲು ಶತಮಾನ ಕಳೆಯಿತು.

1941ರಲ್ಲಿ ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್ ಹುಟ್ಟಿನಿಂದಲೇ ಕಣ್ಣಿಗೆ ಪೊರೆ ಬಂದಿದ್ದ ಶಿಶುಗಳನ್ನು ಒಂದರ ಹಿಂದೊಂದರಂತೆ ಕಂಡರು. ಅವರ ಕೋಣೆಯ ಹೊರಗೆ ಕಾದು ಕುಳಿತ ತಾಯಂದಿರು ಬಸುರಿನ ದಿನಗಳಲ್ಲಿ ತಮಗೆ ಜರ್ಮನ್ ಮೀಸಲ್ಸ್ ಆಗಿದ್ದನ್ನು ಮಾತನಾಡಿಕೊಳ್ಳುತ್ತಿದ್ದುದು ಅವರ ಗಮನಕ್ಕೆ ಬಂದಿತೆಂದು ವೈದ್ಯಚರಿತ್ರೆ ಹೇಳುತ್ತದೆ. ಗ್ರೆಗ್ ಅದನ್ನು ಹೆಂಗಸರ ಹರಟೆಯೆಂದು ತಳ್ಳಿಹಾಕಲಿಲ್ಲ. ಇತರ ವೈದ್ಯರಿಂದಲೂ ವಿವರ ತರಿಸಿ 78 ಶಿಶುಗಳ ವೃತ್ತಾಂತವನ್ನು ಅದೇ ವರ್ಷ ಮಂಡಿಸಿದರು. ಅವರಲ್ಲಿ 68 ಮಕ್ಕಳ ತಾಯಂದಿರಿಗೆ ಬಸುರಿನಲ್ಲಿ ಆ ಕಾಯಿಲೆಯಾಗಿತ್ತು. ಹಲವು ಮಕ್ಕಳಲ್ಲಿ ಹೃದಯದ ದೋಷವೂ ಇತ್ತು. ಕಿವುಡುತನದ ಸಂಬಂಧವೂ ಅನಂತರ ಸ್ಪಷ್ಟವಾಯಿತು. ಮೊದಮೊದಲು ಸಂದೇಹಿಸಿದವರೂ ಉಂಟು. 1964–65ರ ಅಮೆರಿಕದ ಸಾಂಕ್ರಾಮಿಕದಲ್ಲಿ ಸುಮಾರು 1.25 ಕೋಟಿ ಜನರಿಗೆ ರೋಗ ತಗುಲಿ, ಸುಮಾರು 20,000 ಶಿಶುಗಳು ಹುಟ್ಟಿನಿಂದಲೇ ಅದರ ಹಾನಿಯನ್ನು ಹೊತ್ತು ಬಂದಾಗ ಸಂದೇಹಕ್ಕೆ ಎಡೆಯೇ ಉಳಿಯಲಿಲ್ಲ. 1969ರಲ್ಲಿ ಅಲ್ಲಿ ಲಸಿಕೆ ಬಳಕೆಗೆ ಬಂದಿತು.

ಸಣ್ಣ ಕೆಂಪು ಎಂಬ ಹೆಸರು ಸುಳ್ಳಾಗಿರಲಿಲ್ಲ; ಅದು ಕಾಯಿಲೆ ಬಿದ್ದವರ ಅನುಭವಕ್ಕೆ ನಿಷ್ಠವಾಗಿತ್ತು. ಗರ್ಭದೊಳಗಿನ ಕೂಸಿಗೆ ಮಾತು ಬಾರದಾದ್ದರಿಂದ ಅದರ ಅನುಭವ ಮಾತ್ರ ಹೆಸರಿನೊಳಗೆ ಸೇರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಮತ್ತೆ ಆಡುಮಾತೇ. ತಾಯಂದಿರು ಮನೆಯ ಮಾತಿನಲ್ಲಿ ಹೇಳಿದ್ದನ್ನು ಒಬ್ಬ ವೈದ್ಯ ತನ್ನ ಶಾಸ್ತ್ರದ ಮಾತಿಗೆ ಸರಿಯಾಗಿ ಅನುವಾದಿಸಿಕೊಂಡನು. ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಬೆಲೆಯುಳ್ಳ ಅನುವಾದ ಅದೇ ಎಂದು ನಮಗೆ ತೋರುತ್ತದೆ.

2017ರ ಫೆಬ್ರವರಿಯಲ್ಲಿ ಭಾರತ ಸರ್ಕಾರದ ದಡಾರ–ರುಬೆಲ್ಲಾ ಲಸಿಕಾ ಅಭಿಯಾನ ಮೊದಲು ಆರಂಭವಾದ ಐದು ಪ್ರದೇಶಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅದು ಸಂದಿತು. ದಡಾರ ಎಂಬ ನಮ್ಮ ಮನೆಯ ಪದದ ಪಕ್ಕದಲ್ಲಿ ಕುಳಿತ ರುಬೆಲ್ಲಾ, ಜರ್ಮನ್ ಹಳ್ಳಿಯ ಮಾತಿನಿಂದ ಹೊರಟು, ಭಾರತದ ಸಾಂಕ್ರಾಮಿಕವೊಂದನ್ನು ಕಂಡ ಸೇನಾವೈದ್ಯನ ಕೈಯಲ್ಲಿ ಲ್ಯಾಟಿನ್ನಾಗಿ, ಕನ್ನಡ ಶಾಲೆಗಳ ಗೋಡೆಗೆ ಬಂದ ಪದ.

ಹೊರನಾಡ ಕನ್ನಡಿಗರಾದ ನಮಗೆ ಈ ಚರಿತ್ರೆ ಇನ್ನೊಂದು ಕಾರಣಕ್ಕೂ ಹತ್ತಿರದ್ದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಆಸ್ಪತ್ರೆಗಳಲ್ಲಿ ಊರಿನಿಂದ ಬಂದ ಅಪ್ಪ ಅಮ್ಮಂದಿರ ಪಕ್ಕದಲ್ಲಿ ಕುಳಿತು ನಾವೆಲ್ಲರೂ ಒಂದಲ್ಲ ಒಂದು ದಿನ ದುಭಾಷಿಗಳಾಗಿದ್ದೇವೆ. ಅಮ್ಮ 'ಉಷ್ಣ ಆಗಿದೆ' ಎಂದರೆ ಅದು ಜ್ವರವಲ್ಲ. ಬಾಯಲ್ಲಿ ಹುಣ್ಣೋ, ಕಣ್ಣುರಿಯೋ, ಉರಿಮೂತ್ರವೋ ಇರಬಹುದು. 'ಪಿತ್ತ' ಎಂದರೆ ಪಿತ್ತಕೋಶವನ್ನು ತೋರಿಸಬೇಕಾಗಿಲ್ಲ. ತಲೆಸುತ್ತು, ಓಕರಿಕೆ ಇವೆಯೇ ಎಂದು ಕೇಳಬೇಕು. 'ಅಮ್ಮ ಆಗಿದೆ' ಎಂಬ ಮಾತನ್ನು ಸಿಡುಬು, ಸೀತಾಳೆ ಸಿಡುಬು, ದಡಾರಗಳಿಗೆಲ್ಲ ನಮ್ಮ ಹಿರಿಯರು ಬಳಸಿದ್ದುಂಟು. ಅದರೊಳಗೆ ಭಕ್ತಿಯಿದೆ, ಭಯವಿದೆ, ರೋಗದ ಹೆಸರನ್ನು ಬಾಯಲ್ಲಿ ಆಡಬಾರದೆಂಬ ಸಂಕೋಚವಿದೆ. 'ಎದೆಯಲ್ಲಿ ಏನೋ ಸಂಕಟ' ಎಂಬುದನ್ನು ಬರಿಯ ಬೇಸರವೆಂದು ತಿರುಗಿಸಿಬಿಟ್ಟರೆ ಹೃದಯಾಘಾತದ ಸೂಚನೆಯನ್ನೇ ಮುಚ್ಚಿಟ್ಟಂತಾದೀತು.

ಇಂಥ ಹೊತ್ತಿನಲ್ಲಿ ಪದಕ್ಕೆ ಪದ ಹುಡುಕುವ ಮುನ್ನ ಎಲ್ಲಿ, ಯಾವಾಗಿನಿಂದ, ಏನು ಮಾಡುವಾಗ ಎಂದು ನಮ್ಮ ಭಾಷೆಯಲ್ಲೇ ಹಿರಿಯರನ್ನು ಇನ್ನೆರಡು ಮಾತು ಕೇಳುವುದು ಒಳ್ಳೆಯದು. ಅವರು ಬಳಸಿದ ಪದವನ್ನೂ ಹಾಗೆಯೇ ವೈದ್ಯರ ಕಿವಿಗೆ ಹಾಕಿ, ಅದರ ತೂಕವೆಷ್ಟು ಎಂಬುದನ್ನು ಜೊತೆಗೆ ತಿಳಿಸಬಹುದು. ಮಾಟಗಾತಿಯ ಬಾಣ ಗಡಿಯಲ್ಲಿ ಉಳಿದುಹೋದರೆ ಚಿಂತೆಯಿಲ್ಲ. ಬಾಣ ತಗುಲಿದ ಜಾಗವೂ ನೋವಿನ ಆಳವೂ ತಪ್ಪದೆ ದಾಟಬೇಕು.